ನಿಯೋಗಕ್ಕೆ ಮುನ್ನ: ಮಾಹಿತಿ ಹಕ್ಕಿನ ಚಳವಳಿಯಲ್ಲಿ ಒಕ್ಕೂಟದ ಪೂರ್ವಸಿದ್ಧತೆ

ಆಳುವವರ ಮುಂದೆ ತಮ್ಮ ಮಾತನ್ನು ಇಡುವ ಕ್ರಿಯೆಗೆ ಕನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ. ಬಿನ್ನಹ, ಅರಿಕೆ, ಅಹವಾಲು, ಮನವಿ ಎಂಬ ಪದಗಳು ಬೇರೆ ಬೇರೆ ಕಾಲದ ಆಡಳಿತ ಸಂದರ್ಭಗಳಿಂದ ಬಂದವು; ಆದರೆ ಇವೆಲ್ಲವುಗಳಲ್ಲಿಯೂ ಕೇಳುವವನು ಕೆಳಗಿದ್ದಾನೆ, ಕೊಡುವವನು ಮೇಲಿದ್ದಾನೆ ಎಂಬ ಭಾವ ಅಂತರ್ಗತವಾಗಿದೆ. 'ಹಕ್ಕೊತ್ತಾಯ' ಎಂಬುದು ಈಚಿನ ಚಳವಳಿಗಳು ರೂಢಿಗೆ ತಂದ ಮಾತು. ಅಲ್ಲಿ ಈ ಮೇಲು ಕೆಳಗಿನ ಸಂಬಂಧ ತಿರುವುಮುರುವಾಗುತ್ತದೆ. ಈ ಎರಡು ಬಗೆಯ ಮಾತುಗಳ ನಡುವೆ ನಡೆಯಬೇಕಾದ ಒಂದು ಕೆಲಸವಿದೆ. ಹಲವು ಸಂಘಟನೆಗಳು ಒಂದು ಒಕ್ಕೂಟವಾಗಿ ಸೇರಿ, ಮಂತ್ರಿಗಳನ್ನೋ ಕಾರ್ಯದರ್ಶಿಗಳನ್ನೋ ಶಾಸಕಾಂಗದ ಸಮಿತಿಗಳನ್ನೋ ಕಾಣುವುದಕ್ಕೆ ಮೊದಲು, ತಮ್ಮ ತಮ್ಮೊಳಗೆ ಮಾಡಿಕೊಳ್ಳುವ ಸಿದ್ಧತೆಯೇ ಆ ಕೆಲಸ. ಅದಕ್ಕೆ ನಮ್ಮಲ್ಲಿ ನೆಲೆಗೊಂಡ ಹೆಸರಿಲ್ಲ. ಬಹುಶಃ ಆ ಕಾರಣದಿಂದಲೇ ಅದರ ಕುರಿತ ಬರವಣಿಗೆಯೂ ವಿರಳ. ನಿಯೋಗ ಹೋದದ್ದನ್ನು, ಮನವಿ ಸಲ್ಲಿಸಿದ್ದನ್ನು ಪತ್ರಿಕೆಗಳು ವರದಿ ಮಾಡುತ್ತವೆ. ಅದಕ್ಕೆ ಹಿಂದಿನ ವಾರಗಳಲ್ಲಿ ಅವರು ತಮ್ಮಲ್ಲಿ ಏನನ್ನು ನಿಷ್ಕರ್ಷೆ ಮಾಡಿಕೊಂಡರು ಎಂಬುದು ವರದಿಯಾಗುವುದಿಲ್ಲ.

ಆ ಸಿದ್ಧತೆಯ ಸ್ವರೂಪವನ್ನು ಒಂದು ನಿಜವಾದ ಪ್ರಸಂಗದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಆರಂಭವಾಗಿ 2005ರಲ್ಲಿ ಕೇಂದ್ರ ಕಾಯ್ದೆಯಾಗಿ ರೂಪ ತಳೆದ ಮಾಹಿತಿ ಹಕ್ಕಿನ ಚಳವಳಿಯನ್ನು ಇದಕ್ಕಾಗಿ ಆರಿಸಿಕೊಳ್ಳಲಾಗಿದೆ. ಈ ಆಯ್ಕೆಗೆ ಕಾರಣ ಅದರ ಯಶಸ್ಸು ಮಾತ್ರವಲ್ಲ. ಅದರ ಒಂದೊಂದು ಹಂತದ ಬೇಡಿಕೆಯೂ ಆದೇಶ, ಕರಡು, ಮಸೂದೆ, ಕಾಯ್ದೆ ಎಂಬ ಬರೆಹದ ರೂಪದಲ್ಲಿ ನಮಗೆ ದೊರೆಯುತ್ತದೆ. ಆದುದರಿಂದ ಒಕ್ಕೂಟವು ಏನನ್ನು ಕೇಳಿತು, ಏನನ್ನು ಬಿಟ್ಟುಕೊಟ್ಟಿತು, ಯಾವುದನ್ನು ಹಿಡಿದು ನಿಂತಿತು ಎಂಬುದನ್ನು ಪಠ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿ ತಿಳಿಯಬಹುದು. ಹಾಗೆ ಓದಿದಾಗ ಕಾಣುವ ಮುಖ್ಯ ಸಂಗತಿಯೆಂದರೆ, ವಾದದ ಹರಿತಕ್ಕಿಂತ ಬೇಡಿಕೆಯ ಖಚಿತತೆಯೇ ಆ ಒಕ್ಕೂಟದ ಬಲವಾಗಿತ್ತು.

ನೆರಳಚ್ಚು ಪ್ರತಿಯ ಬೇಡಿಕೆ

ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1990ರ ಮೇ 1ರಂದು ರಾಜಸ್ಥಾನದ ಭೀಮ್ ಎಂಬಲ್ಲಿ ಸ್ಥಾಪಿತವಾಯಿತು. ಅದಕ್ಕೆ ಮೂರು ವರ್ಷ ಹಿಂದೆ, 1987ರಲ್ಲಿ, ಅರುಣಾ ರಾಯ್, ನಿಖಿಲ್ ಡೇ ಮತ್ತು ಶಂಕರ್ ಸಿಂಗ್ ಅವರು ದೇವಡುಂಗ್ರಿ ಎಂಬ ಹಳ್ಳಿಯಲ್ಲಿ ನೆಲೆಸಿದ್ದರು. ಇವರಲ್ಲಿ ಅರುಣಾ ರಾಯ್ 1968ರಲ್ಲಿ ಭಾರತೀಯ ಆಡಳಿತ ಸೇವೆಯನ್ನು ಸೇರಿ ಕೆಲವು ವರ್ಷಗಳ ತರುವಾಯ ರಾಜೀನಾಮೆ ನೀಡಿದವರು. ಕಡತವು ಹೇಗೆ ಚಲಿಸುತ್ತದೆ ಎಂಬುದನ್ನು ಒಳಗಿನಿಂದ ಬಲ್ಲವರೊಬ್ಬರು ಆರಂಭದಿಂದಲೇ ಜೊತೆಗಿದ್ದರು ಎಂಬುದು ಮುಂದಿನ ಬೆಳವಣಿಗೆಗಳನ್ನು ಅರಿಯುವಲ್ಲಿ ಗಮನಿಸಬೇಕಾದ ಅಂಶ.

ಸಂಘಟನೆ ಎತ್ತಿಕೊಂಡ ಮೊದಲ ಪ್ರಶ್ನೆ ಮಾಹಿತಿಯದಾಗಿರಲಿಲ್ಲ, ಕೂಲಿಯದಾಗಿತ್ತು. ಬರಪರಿಹಾರ ಕಾಮಗಾರಿಗಳಲ್ಲಿ ದುಡಿದವರಿಗೆ ಶಾಸನಬದ್ಧ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, ಅಳತೆಯ ಪ್ರಕಾರ ನೀವು ಅಷ್ಟು ಕೆಲಸವನ್ನೇ ಮಾಡಿಲ್ಲ, ದಾಖಲೆಯಲ್ಲಿ ಹಾಗಿದೆ ಎಂಬ ಉತ್ತರ ಬರುತ್ತಿತ್ತು. ಆ ದಾಖಲೆಯನ್ನು ತೋರಿಸಿ ಎಂದರೆ ಅದು ಗೋಪ್ಯವೆಂಬ ಉತ್ತರ. ಹೀಗೆ ಕೂಲಿಯ ಜಗಳವು ಮಸ್ಟರ್ ರೋಲಿನ ಜಗಳವಾಗಿ ಮಾರ್ಪಟ್ಟಿತು. 1994ರ ಡಿಸೆಂಬರ್ 2ರಂದು ಕೋಟ್ ಕಿರಾನಾ ಗ್ರಾಮದಲ್ಲಿ ಮೊದಲ 'ಜನ್ ಸುನ್ವಾಯಿ' ನಡೆಯಿತು. ಜನ್ ಸುನ್ವಾಯಿ ಎಂದರೆ ಪಂಚಾಯಿತಿಯ ಲೆಕ್ಕವನ್ನು ಊರವರ ಮುಂದೆ ಗಟ್ಟಿಯಾಗಿ ಓದಿ, ಇದು ನಿಜವೇ ಎಂದು ಅವರನ್ನೇ ಕೇಳುವ ಸಭೆ. ಇಂಥ ಸಭೆಗಳಲ್ಲಿ ಸತ್ತವರ ಹೆಸರಿನಲ್ಲಿ ಕೂಲಿ ಪಾವತಿಯಾಗಿದ್ದುದು, ಕಡತದಲ್ಲಿ ಮುಗಿದಿದ್ದ ಕಟ್ಟಡ ಊರಿನಲ್ಲಿ ಅರೆಬರೆಯಾಗಿ ನಿಂತಿದ್ದುದು ಮುಂತಾದ ಸಂಗತಿಗಳು ಬಯಲಾದವು. 1995ರ ಏಪ್ರಿಲ್ 5ರಂದು ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ಅವರು, ಅಭಿವೃದ್ಧಿ ಕಾಮಗಾರಿಗಳ ದಾಖಲೆಗಳ ಪ್ರತಿಯನ್ನು ಹಣ ಕೊಟ್ಟು ಯಾರು ಬೇಕಾದರೂ ಪಡೆಯಬಹುದೆಂದು ವಿಧಾನಸಭೆಯಲ್ಲಿ ಘೋಷಿಸಿದರು. ವರ್ಷ ಕಳೆದರೂ ಆದೇಶ ಹೊರಡಲಿಲ್ಲ. 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದಲ್ಲಿ ಧರಣಿ ಆರಂಭವಾಗಿ 40 ದಿನ ನಡೆಯಿತು.

ಈ ಧರಣಿಯ ಬೇಡಿಕೆಯನ್ನು ಸಂಶೋಧಕರು ಗಮನವಿಟ್ಟು ನೋಡಬೇಕು. ಭ್ರಷ್ಟಾಚಾರ ನಿಲ್ಲಲಿ ಎಂದು ಅವರು ಕೇಳಲಿಲ್ಲ. ಪಾರದರ್ಶಕ ಆಡಳಿತ ಬೇಕು ಎಂದೂ ಕೇಳಲಿಲ್ಲ. ಬಿಲ್ಲು, ವೋಚರು, ಮಸ್ಟರ್ ರೋಲುಗಳ ದೃಢೀಕೃತ ನೆರಳಚ್ಚು ಪ್ರತಿ, ಬೀದಿಯ ಮಾತಿನಲ್ಲಿ ಹೇಳುವುದಾದರೆ ಜೆರಾಕ್ಸ್, ಬೇಕೆಂದು ಕೇಳಿದರು. ನಡುವೆ ಸರ್ಕಾರ ಒಂದು ಆದೇಶ ಹೊರಡಿಸಿತು: ದಾಖಲೆಗಳನ್ನು ನೋಡಬಹುದು, ಕೈಯಲ್ಲಿ ಬರೆದುಕೊಳ್ಳಲೂಬಹುದು, ಪ್ರತಿ ಮಾತ್ರ ಇಲ್ಲ. ಹೊರಗಿನಿಂದ ನೋಡಿದವರಿಗೆ ಇದು ಮುಕ್ಕಾಲು ಪಾಲು ಗೆಲುವಿನಂತೆ ತೋರಬಹುದು. ಒಕ್ಕೂಟ ಅದನ್ನು ಒಪ್ಪಲಿಲ್ಲ. ಕೈಯಲ್ಲಿ ಬರೆದುಕೊಂಡ ಟಿಪ್ಪಣಿಗೆ ಠಾಣೆಯಲ್ಲಾಗಲಿ ನ್ಯಾಯಾಲಯದಲ್ಲಾಗಲಿ ಸಾಕ್ಷ್ಯದ ಬೆಲೆಯಿಲ್ಲ. ಓದುಬರಹ ಬಾರದ ಕೂಲಿಕಾರನಿಗೆ ಬರೆದುಕೊಳ್ಳುವ ಅವಕಾಶವು ಅವಕಾಶವೇ ಅಲ್ಲ. ನೋಟಕ್ಕೂ ಪ್ರತಿಗೂ ಇರುವ ಈ ಅಂತರವನ್ನು ಧರಣಿಯಲ್ಲಿ ಕುಳಿತ ಪ್ರತಿಯೊಬ್ಬರೂ ವಿವರಿಸಬಲ್ಲವರಾಗಿದ್ದರೆಂಬುದು ಆ ಚಳವಳಿಯ ನಿಜವಾದ ಪೂರ್ವಸಿದ್ಧತೆ. 'ಹಮಾರಾ ಪೈಸಾ, ಹಮಾರಾ ಹಿಸಾಬ್' ಎಂಬ ಘೋಷಣೆ ಜನರನ್ನು ಸೇರಿಸಿತು. ಸರ್ಕಾರದೊಡನೆ ಮಾತಿಗೆ ಕುಳಿತಾಗ ಕೆಲಸಕ್ಕೆ ಬಂದದ್ದು ಮಾತ್ರ 'ಪ್ರತಿ' ಎಂಬ ಒಂದೇ ಪದ.

ಬೇಡಿಕೆಯನ್ನು ಹೀಗೆ ಕಿರಿದುಗೊಳಿಸುವುದು ಒಕ್ಕೂಟಗಳಿಗೆ ಸುಲಭವಲ್ಲ. ಹತ್ತು ಸಂಘಟನೆಗಳು ಸೇರಿದಾಗ ಹತ್ತು ಬೇಡಿಕೆಗಳು ಸೇರುತ್ತವೆ. ಯಾರಿಗೂ ಬೇಸರವಾಗದಿರಲೆಂದು ಎಲ್ಲವನ್ನೂ ಮನವಿಯಲ್ಲಿ ಸೇರಿಸಲಾಗುತ್ತದೆ. ಇಪ್ಪತ್ತು ಅಂಶಗಳ ಮನವಿಯನ್ನು ಪಡೆದ ಮಂತ್ರಿಗಳು ಅವುಗಳಲ್ಲಿ ತಮಗೆ ಅತ್ಯಂತ ಅಗ್ಗವಾದ ಎರಡನ್ನು ಆರಿಸಿಕೊಂಡು, ಸರ್ಕಾರ ಸ್ಪಂದಿಸಿದೆ ಎಂದು ಹೇಳುವುದಕ್ಕೆ ಪೂರ್ಣ ಅವಕಾಶವಿರುತ್ತದೆ. ಆಯ್ಕೆಯ ಅಧಿಕಾರವನ್ನು ಒಕ್ಕೂಟವೇ ಅವರ ಕೈಗಿತ್ತಂತಾಯಿತು.

ಕರಡು ಎಂಬ ಸಾಧನ

ಬ್ಯಾವರ್ ಧರಣಿಗೆ ಮುನ್ನವೇ ಇನ್ನೊಂದು ದಿಕ್ಕಿನಲ್ಲಿ ಕೆಲಸ ಆರಂಭವಾಗಿತ್ತು. 1995ರ ಅಕ್ಟೋಬರಿನಲ್ಲಿ ಮಸ್ಸೂರಿಯ ಲಾಲ್ ಬಹಾದೂರ್ ಶಾಸ್ತ್ರಿ ರಾಷ್ಟ್ರೀಯ ಆಡಳಿತ ಅಕಾಡೆಮಿಯಲ್ಲಿ ಚಳವಳಿಯವರು, ಸೇವೆಯಲ್ಲಿದ್ದ ಅಧಿಕಾರಿಗಳು, ವಕೀಲರು ಒಟ್ಟಿಗೆ ಕುಳಿತು ಇಂಥದೊಂದು ಕಾಯ್ದೆ ಹೇಗಿರಬೇಕೆಂದು ಚರ್ಚಿಸಿದರು. ಅಧಿಕಾರಿಗಳಿಗೆ ತರಬೇತಿ ಕೊಡುವ ಸ್ಥಳದಲ್ಲೇ ಅಧಿಕಾರಿಗಳನ್ನು ಪ್ರಶ್ನಿಸುವ ಕಾಯ್ದೆಯ ಚರ್ಚೆ ನಡೆದುದು ವಿಚಿತ್ರವೆನಿಸಬಹುದು. ವಾಸ್ತವವಾಗಿ ಅದು ಜಾಣತನದ ನಡೆ. ಆಡಳಿತದ ಒಳಗಿನಿಂದ ಬರಬಹುದಾದ ಆಕ್ಷೇಪಗಳೆಲ್ಲ ಅಲ್ಲಿಯೇ, ಸ್ನೇಹದ ವಾತಾವರಣದಲ್ಲಿ, ಮುಂಚಿತವಾಗಿ ಕೇಳಸಿಗುತ್ತವೆ. 1996ರಲ್ಲಿ 'ಜನರ ಮಾಹಿತಿ ಹಕ್ಕಿನ ರಾಷ್ಟ್ರೀಯ ಅಭಿಯಾನ' ದೆಹಲಿಯಲ್ಲಿ ರೂಪುಗೊಂಡಿತು. ಅದರಲ್ಲಿ ಕೂಲಿಕಾರರ ಸಂಘಟನೆಗಳ ಜೊತೆಗೆ ಪತ್ರಕರ್ತರು, ವಕೀಲರು, ನಿವೃತ್ತ ಅಧಿಕಾರಿಗಳು ಇದ್ದರು. ಅದೇ ವರ್ಷ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಅಧ್ಯಕ್ಷತೆಯ ಭಾರತೀಯ ಪತ್ರಿಕಾ ಮಂಡಳಿಯು ಒಂದು ಮಾದರಿ ಮಸೂದೆಯನ್ನು ಸಿದ್ಧಪಡಿಸಿತು. 1997ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯಲ್ಲಿ ನಡೆದ ಕಾರ್ಯಾಗಾರದಲ್ಲಿ ಅದು ಪರಿಷ್ಕೃತವಾಯಿತು.

ಕರಡು ಕೈಯಲ್ಲಿರುವ ಒಕ್ಕೂಟಕ್ಕೂ ಇಲ್ಲದಿರುವ ಒಕ್ಕೂಟಕ್ಕೂ ನೀತಿ ನಿರೂಪಕರ ಎದುರಿನಲ್ಲಿ ಇರುವ ವ್ಯತ್ಯಾಸ ಬಹಳ ದೊಡ್ಡದು. ಇದನ್ನು ಅರಿಯಲು ನಿಯೋಗ ಹೊರಟುಹೋದ ಮೇಲೆ ಕಚೇರಿಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಬೇಕು. ಮಂತ್ರಿಗಳು ಮನವಿಯ ಅಂಚಿನಲ್ಲಿ 'ಪರಿಶೀಲಿಸಿ ಮಂಡಿಸಿ' ಎಂಬಂಥ ಷರಾ ಬರೆದು ಕೆಳಗೆ ಕಳಿಸುತ್ತಾರೆ. ಅದು ಇಳಿದು ಇಳಿದು, ಕರ್ನಾಟಕದ ಸಚಿವಾಲಯದ ಭಾಷೆಯಲ್ಲಿ ಹೇಳುವುದಾದರೆ, ವಿಷಯ ನಿರ್ವಾಹಕರ ಮೇಜಿಗೆ ಬರುತ್ತದೆ. ಕಡತದ ಮೊದಲ ಟಿಪ್ಪಣಿಯನ್ನು ಬರೆಯುವವರು ಅವರು. ಮಂತ್ರಿಗಳ ಕೊಠಡಿಯಲ್ಲಿ ನಡೆದ ಮಾತಿಗೆ ಅವರು ಸಾಕ್ಷಿಯಾಗಿರಲಿಲ್ಲ. ಅವರ ಮುಂದಿರುವುದು ಕಾಗದ ಮಾತ್ರ. ಯಾವ ಕಾಯ್ದೆಯ ಯಾವ ನಿಯಮಕ್ಕೆ ಇದು ಸಂಬಂಧಿಸಿದೆ, ಆ ನಿಯಮವನ್ನು ಬದಲಿಸುವ ಅಧಿಕಾರ ಯಾರದು, ಹಣದ ಹೊರೆ ಎಷ್ಟು, ಹಿಂದೆ ಎಲ್ಲಿಯಾದರೂ ಹೀಗೆ ಮಾಡಿದ್ದುಂಟೇ, ಬೇರೆ ಇಲಾಖೆಯ ಅಭಿಪ್ರಾಯ ಬೇಕೇ ಎಂಬುದಿಷ್ಟು ಅವರಿಗೆ ಬೇಕು. ಮನವಿಯಲ್ಲಿ ಇವುಗಳಿಗೆ ಉತ್ತರವಿದ್ದರೆ ಅವರು ಅದನ್ನೇ ಟಿಪ್ಪಣಿಗೆ ಇಳಿಸುತ್ತಾರೆ. ಇಲ್ಲವಾದರೆ 'ಸದರಿ ಪ್ರಸ್ತಾವನೆಯನ್ನು ಒಪ್ಪಲು ಅವಕಾಶವಿರುವುದಿಲ್ಲ' ಎಂಬ ಹಿಂಬರಹ ಹೊರಡುತ್ತದೆ. ಅದರ ಹಿಂದೆ ದ್ವೇಷವೇನೂ ಇರಬೇಕಾಗಿಲ್ಲ. ನಮ್ಮ ಬಹುಪಾಲು ಮನವಿಗಳು ಮಂತ್ರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಕೆಲವೊಮ್ಮೆ ಮರುದಿನದ ಪತ್ರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಬರೆದಂಥವು. ಕಡತವನ್ನು ಹುಟ್ಟಿಸುವ ಆ ಗುಮಾಸ್ತರಿಗಾಗಿ ಬರೆದ ಮನವಿಗಳು ಅಪರೂಪ.

ಕರಡು ಮಸೂದೆಯು ಈ ಕೆಲಸವನ್ನು ಅತ್ಯಂತ ಪೂರ್ಣವಾದ ರೀತಿಯಲ್ಲಿ ಮಾಡುತ್ತದೆ. ಸರ್ಕಾರ ಒಪ್ಪದಿರಬಹುದು, ಆದರೆ ಒಪ್ಪದಿರುವುದಕ್ಕೂ ಅದು ಕರಡಿನ ಕಲಮುಗಳನ್ನೇ ಹಿಡಿದು ಮಾತನಾಡಬೇಕಾಗುತ್ತದೆ. ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ ಕಾಲದಲ್ಲಿ, 1997ರ ಜನವರಿಯಲ್ಲಿ, ಕೇಂದ್ರ ಸರ್ಕಾರ ಎಚ್.ಡಿ. ಶೌರಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ರಚಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಅದರ ವರದಿ ಬಂದಿತು. ಆ ವರದಿಯ ಕರಡು ಒಕ್ಕೂಟದ ಕರಡಿಗಿಂತ ಎಲ್ಲೆಲ್ಲಿ ಸಪ್ಪೆಯಾಗಿದೆ ಎಂದು ತೋರಿಸುವುದು ಸಾಧ್ಯವಾದದ್ದು ಹೋಲಿಸುವುದಕ್ಕೆ ಇನ್ನೊಂದು ಪಠ್ಯವಿದ್ದುದರಿಂದಲೇ.

ಒಳಗಿನ ಭಿನ್ನಮತ

ಒಕ್ಕೂಟವೆಂದರೆ ಏಕಾಭಿಪ್ರಾಯವಲ್ಲ. ಮಾಹಿತಿ ಹಕ್ಕು ಖಾಸಗಿ ಸಂಸ್ಥೆಗಳಿಗೂ ಅನ್ವಯಿಸಬೇಕೇ ಎಂಬ ಪ್ರಶ್ನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಾರ್ಖಾನೆಯ ಹೊಗೆ ಕುಡಿಯುವ ಊರಿನವರಿಗೆ ಸರ್ಕಾರಿ ಕಡತಕ್ಕಿಂತ ಕಾರ್ಖಾನೆಯ ಕಡತವೇ ಮುಖ್ಯ. ಪಂಚಾಯಿತಿಯ ಲೆಕ್ಕ ಕೇಳುವವರಿಗೆ ಅದು ತುರ್ತಿನ ವಿಷಯವಲ್ಲ. ಪತ್ರಿಕಾ ಮಂಡಳಿಯ ಕರಡು, ಸಾರ್ವಜನಿಕ ಹಿತದ ಮೇಲೆ ಪರಿಣಾಮ ಬೀರುವ ಖಾಸಗಿ ಕಂಪನಿಗಳನ್ನೂ ಒಳಗೊಳ್ಳುವಷ್ಟು ವಿಶಾಲವಾದ ವ್ಯಾಖ್ಯೆಯನ್ನು ನೀಡಿತ್ತು. 2005ರ ಕಾಯ್ದೆಯಲ್ಲಿ ಅಷ್ಟು ಉಳಿಯಲಿಲ್ಲ. ಆದರೆ ಅದರ 2(ಎಫ್) ಕಲಮಿನಲ್ಲಿ, ಬೇರಾವುದಾದರೂ ಕಾನೂನಿನ ಪ್ರಕಾರ ಸಾರ್ವಜನಿಕ ಪ್ರಾಧಿಕಾರವು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂಬ ಮಾತು ಸೇರಿತು. ಕೇಳಿದ್ದು ನೇರವಾದ ಬಾಗಿಲು. ದೊರೆತದ್ದು ಬಳಸಿ ಹೋಗುವ ದಾರಿ. ಈ ಬಗೆಯ ರಾಜಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಭೇಟಿಗೆ ಮುನ್ನವೇ ಬರೆದಿಟ್ಟುಕೊಳ್ಳದ ಒಕ್ಕೂಟ ಭೇಟಿಯ ನಡುವೆ ಒಡೆಯುತ್ತದೆ. ಎದುರಿನಲ್ಲಿ ಕುಳಿತವರು, ಹಾಗಾದರೆ ಇಷ್ಟನ್ನು ಮಾಡಿಕೊಡೋಣ, ಸಾಕೇ, ಎಂದು ಕೇಳಿದಾಗ ನಿಯೋಗದ ಒಬ್ಬರು ತಲೆಯಾಡಿಸಿ ಇನ್ನೊಬ್ಬರು ತಲೆ ಅಲ್ಲಾಡಿಸಿದರೆ ಆ ಸಭೆ ಮುಗಿದಂತೆಯೇ.

ದಂಡದ ವಿಷಯದಲ್ಲಿ ಒಕ್ಕೂಟದ ನಿಲುವು ಇದಕ್ಕೆ ವ್ಯತಿರಿಕ್ತವಾಗಿತ್ತು. 2002ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಲ್ಲಿ ಮಾಹಿತಿ ನಿರಾಕರಿಸಿದ ಅಧಿಕಾರಿಗೆ ದಂಡವಿರಲಿಲ್ಲ, ಸ್ವತಂತ್ರವಾದ ಮೇಲ್ಮನವಿಯ ವ್ಯವಸ್ಥೆಯೂ ಇರಲಿಲ್ಲ. ಆ ಕಾಯ್ದೆ ಜಾರಿಗೇ ಬರಲಿಲ್ಲ ಎಂಬುದು ಬೇರೆಯ ಮಾತು. ಏನೂ ಇಲ್ಲದಿರುವುದಕ್ಕಿಂತ ಇದಾದರೂ ಇರಲಿ ಎಂಬ ವಾದ ಇಂಥ ಸಂದರ್ಭಗಳಲ್ಲಿ ಸಹಜವಾಗಿಯೇ ಹುಟ್ಟುತ್ತದೆ, ಅದು ಸುಳ್ಳು ವಾದವೂ ಅಲ್ಲ. ಆದರೆ ಪಂಚಾಯಿತಿ ಕಾರ್ಯದರ್ಶಿಯ ಮುಂದೆ ಕಾಗದ ಹಿಡಿದು ನಿಂತವರ ಅನುಭವ ಬೇರೆಯದನ್ನೇ ಹೇಳುತ್ತಿತ್ತು: ಕೊಡದಿದ್ದರೆ ತನಗೇನೂ ಆಗುವುದಿಲ್ಲವೆಂದು ಗೊತ್ತಿರುವವನು ಕೊಡುವುದಿಲ್ಲ. 2004ರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಗಿ, ರಾಷ್ಟ್ರೀಯ ಸಲಹಾ ಮಂಡಳಿ ರಚನೆಯಾಗಿ, ಅರುಣಾ ರಾಯ್ ಮತ್ತು ಜಾನ್ ಡ್ರೇಜ್ ಅದರ ಸದಸ್ಯರಾದರು. ಆಗಸ್ಟಿನಲ್ಲಿ ಮಂಡಳಿಯು ಪ್ರಧಾನಿಗೆ ಕಳಿಸಿದ ಶಿಫಾರಸುಗಳಿಗೆ ಅಭಿಯಾನವು ವರ್ಷಗಳ ಕಾಲ ತಿದ್ದಿದ್ದ ಕರಡೇ ಆಧಾರವಾಯಿತು. ಬಾಗಿಲು ತೆರೆದದ್ದು ಆಕಸ್ಮಿಕವೆಂದೇ ಒಪ್ಪಿಕೊಳ್ಳೋಣ. ಎಲ್ಲ ಒಕ್ಕೂಟಗಳಿಗೂ ಅಂಥ ಅದೃಷ್ಟ ಒದಗುವುದಿಲ್ಲ. ತೆರೆದ ಎರಡೇ ತಿಂಗಳಲ್ಲಿ ಒಳಗೆ ಇಡಲು ಸಿದ್ಧವಾದ ಕಾಗದವೊಂದು ಇದ್ದುದು ಆಕಸ್ಮಿಕವಲ್ಲ.

2004ರ ಡಿಸೆಂಬರಿನಲ್ಲಿ ಮಂಡಿತವಾದ ಮಸೂದೆ ಮತ್ತೆ ನಿರಾಶೆ ತಂದಿತು. ಅದು ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ ಅನ್ವಯಿಸುವಂತಿತ್ತು. ದಂಡದ ಕಲಮು ದುರ್ಬಲವಾಗಿತ್ತು. ಕೂಲಿಕಾರರ ಪಾಲಿಗೆ ಕೇಂದ್ರಕ್ಕೆ ಸೀಮಿತವಾದ ಕಾಯ್ದೆ ಹೆಚ್ಚು ಕಡಿಮೆ ನಿರರ್ಥಕ, ಏಕೆಂದರೆ ಪಂಚಾಯಿತಿ, ಪಡಿತರ, ಠಾಣೆ, ಶಾಲೆ ಎಲ್ಲವೂ ರಾಜ್ಯದವು. ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಯಿತು. ಅಲ್ಲಿ ಅಭಿಯಾನದವರು ಹೇಳಿಕೆ ನೀಡಿದರು. ಸ್ಥಾಯಿ ಸಮಿತಿಯ ಭೇಟಿ ಮಂತ್ರಿಯ ಭೇಟಿಯಂಥದಲ್ಲ. ಅಲ್ಲಿ ಎದುರಿರುವವರು ಬೇರೆ ಬೇರೆ ಪಕ್ಷದವರು, ಮಸೂದೆಯ ಪ್ರತಿ ಅವರ ಕೈಯಲ್ಲಿರುತ್ತದೆ, ಪ್ರಶ್ನೆಗಳು ಕಲಮುವಾರು ಬರುತ್ತವೆ. ಭಾಷಣಕ್ಕೆ ಅಲ್ಲಿ ಬೆಲೆ ಕಡಿಮೆ. ಇಂಥ ಉಪಕಲಮಿನಲ್ಲಿ ಇಂಥ ಪದ ಹೋಗಿ ಇಂಥ ಪದ ಬರಲಿ ಎಂಬ ಮಾತಿಗೆ ಬೆಲೆ ಹೆಚ್ಚು. ನೂರಕ್ಕೂ ಹೆಚ್ಚು ತಿದ್ದುಪಡಿಗಳೊಂದಿಗೆ ಮಸೂದೆ 2005ರ ಮೇ 11ರಂದು ಲೋಕಸಭೆಯಲ್ಲಿಯೂ ಮರುದಿನ ರಾಜ್ಯಸಭೆಯಲ್ಲಿಯೂ ಅಂಗೀಕೃತವಾಯಿತು. ಜೂನ್ 15ರಂದು ರಾಷ್ಟ್ರಪತಿಗಳ ಅಂಕಿತ ದೊರೆತು, ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ರಾಜ್ಯಗಳೂ ಅದರ ವ್ಯಾಪ್ತಿಗೆ ಬಂದವು. ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿ ಮೀರದಷ್ಟು ದಂಡವನ್ನು ಅಧಿಕಾರಿಯ ಮೇಲೆ ವೈಯಕ್ತಿಕವಾಗಿ ವಿಧಿಸುವ 20ನೆಯ ಕಲಮು ಉಳಿಯಿತು. 'ಮಾಹಿತಿ ಹಕ್ಕು' ಎಂಬುದನ್ನು ವ್ಯಾಖ್ಯಾನಿಸುವ 2(ಜೆ) ಕಲಮಿನಲ್ಲಿ ದಾಖಲೆಗಳ ಪರಿಶೀಲನೆ, ಟಿಪ್ಪಣಿ ಮಾಡಿಕೊಳ್ಳುವುದು, ದೃಢೀಕೃತ ಪ್ರತಿ ಪಡೆಯುವುದು, ಕೊನೆಗೆ ಕಾಮಗಾರಿಗೆ ಬಳಸಿದ ಸಾಮಗ್ರಿಯಂಥ ವಸ್ತುಗಳ ದೃಢೀಕೃತ ಮಾದರಿ ಪಡೆಯುವುದು ಕೂಡ ಪ್ರತ್ಯೇಕ ಪ್ರತ್ಯೇಕವಾಗಿ ನಮೂದಾಗಿವೆ. ಬ್ಯಾವರ್‌ನ 40 ದಿನಗಳ ಜಗಳವನ್ನು ಅರಿಯದೆ ಓದುವವರಿಗೆ ಈ ಪಟ್ಟಿ ಅನಗತ್ಯ ವಿಸ್ತಾರವೆಂದು ತೋರೀತು.

ಭೇಟಿಯ ದಿನ, ಮತ್ತು ಅನಂತರ

ಭೇಟಿಯ ದಿನದ ವಿಷಯವಾಗಿ ಹೇಳಬೇಕಾದದ್ದು ಕಡಿಮೆ. ಮಾತನಾಡುವವರು ಯಾರು, ಬರೆದುಕೊಳ್ಳುವವರು ಯಾರು ಎಂಬುದು ಮುಂಚೆ ನಿಗದಿಯಾಗಿರಬೇಕು. ಸಿಗುವ ಕಾಲ ಅರ್ಧ ಗಂಟೆಯೆಂದು ಹೇಳಿದ್ದರೂ ಹತ್ತು ನಿಮಿಷವೆಂದೇ ಎಣಿಸಿಕೊಳ್ಳಬೇಕು. ಆಕ್ಷೇಪಗಳಿಗೆ ಉತ್ತರವನ್ನು ಅಭ್ಯಾಸ ಮಾಡಿಕೊಳ್ಳಲು ಒಕ್ಕೂಟದಲ್ಲಿ ಒಬ್ಬರು ಕಾರ್ಯದರ್ಶಿಯ ಪಾತ್ರ ವಹಿಸಿ ಪ್ರಶ್ನಿಸುವ ಕ್ರಮ ಉಪಯುಕ್ತ. ನಿವೃತ್ತ ಅಧಿಕಾರಿಗಳು ಈ ಪಾತ್ರವನ್ನು ಸಂತೋಷದಿಂದ ನಿರ್ವಹಿಸುತ್ತಾರೆಂದು ಕೇಳಿಬಲ್ಲೆವು. ಪ್ರತಿ ಕೊಡಲು ಖರ್ಚಾಗುತ್ತದೆ ಎಂದರೆ ಶುಲ್ಕವನ್ನು ಅರ್ಜಿದಾರನೇ ಕೊಡುತ್ತಾನೆ ಎಂಬ ಉತ್ತರ, ಗೋಪ್ಯತೆ ಕೆಡುತ್ತದೆ ಎಂದರೆ ಶಾಸಕರು ಕೇಳಿದರೆ ಕೊಡಬೇಕಾದದ್ದನ್ನು ಮತದಾರನಿಗೆ ಏಕೆ ಕೊಡಬಾರದು ಎಂಬ ಉತ್ತರ, ಹೀಗೆ ಪ್ರತಿ ಆಕ್ಷೇಪಕ್ಕೂ ಒಂದೇ ವಾಕ್ಯದ ಸಮಾಧಾನ ಸಿದ್ಧವಿರಬೇಕು. ಎರಡನೆಯ ಉತ್ತರವಂತೂ ಕಾಯ್ದೆಯಲ್ಲೇ ಸೇರಿಹೋಯಿತು: ಸಂಸತ್ತಿಗೆ ಅಥವಾ ರಾಜ್ಯ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸತಕ್ಕದ್ದಲ್ಲ ಎಂಬುದು 2005ರಲ್ಲಿ ಅಂಗೀಕೃತವಾದ ರೂಪದಲ್ಲಿ 8(1)ನೆಯ ಕಲಮಿನ ಪರಂತುಕವಾಗಿತ್ತು.

ನೊಂದವರನ್ನು ನಿಯೋಗದಲ್ಲಿ ಕರೆದೊಯ್ಯುವ ಬಗೆಗೂ ಒಂದು ಮಾತು ಹೇಳಬೇಕು. ಅವರನ್ನು ಮೂಕ ಸಾಕ್ಷಿಗಳಂತೆ ಹಿಂದಿನ ಸಾಲಿನಲ್ಲಿ ಕೂರಿಸಿ ಪಟ್ಟಣದ ವಕೀಲರು ಮಾತನಾಡುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ರಾಜಸ್ಥಾನದ ಚಳವಳಿಯಲ್ಲಿ ಲೆಕ್ಕದ ಸುಳ್ಳನ್ನು ಎತ್ತಿ ತೋರಿಸಿದವರು, ತಮ್ಮ ಹೆಸರಿನ ಮುಂದೆ ಬಿದ್ದ ಹೆಬ್ಬೆಟ್ಟು ತಮ್ಮದಲ್ಲವೆಂದು ಹೇಳಬಲ್ಲ ಕೂಲಿಯವರೇ. ಅವರಿಗಿದ್ದ ಅಧಿಕೃತತೆ ಬೇರೆ ಯಾರಿಗೂ ಇರಲು ಸಾಧ್ಯವಿಲ್ಲ.

ಭೇಟಿಯ ಅನಂತರದ ಕೆಲಸವನ್ನು ಒಕ್ಕೂಟಗಳು ಸಾಮಾನ್ಯವಾಗಿ ಕಡೆಗಣಿಸುತ್ತವೆ. ಇದಕ್ಕೆ ಇದೇ ಚಳವಳಿಯಲ್ಲಿ ಒಂದು ವಿಲಕ್ಷಣ ನಿದರ್ಶನವಿದೆ. ಬ್ಯಾವರ್ ಧರಣಿ ಒಂದು ಸಮಿತಿಯ ಭರವಸೆಯೊಂದಿಗೆ ನಿಂತಿತ್ತು. ಫಲ ಕಾಣದೆ 1997ರಲ್ಲಿ ಜೈಪುರದಲ್ಲಿ ಮತ್ತೆ 53 ದಿನಗಳ ಧರಣಿ ನಡೆಯಿತು. ಅದರ ಕೊನೆಯಲ್ಲಿ ಉಪಮುಖ್ಯಮಂತ್ರಿಗಳು ಪ್ರಕಟಿಸಿದ ಸಂಗತಿ ಎಲ್ಲರನ್ನೂ ಬೆರಗುಗೊಳಿಸಿತು: ಪಂಚಾಯಿತಿ ದಾಖಲೆಗಳ ಪ್ರತಿ ಪಡೆಯುವ ಹಕ್ಕನ್ನು ನೀಡುವ ಅಧಿಸೂಚನೆ ಆರು ತಿಂಗಳ ಹಿಂದೆಯೇ, ಅಂದರೆ ಧರಣಿ ಆರಂಭವಾಗುವುದಕ್ಕೂ ಮೊದಲೇ, ರಾಜ್ಯಪತ್ರದಲ್ಲಿ ಪ್ರಕಟವಾಗಿತ್ತು. ಗೋಪ್ಯತೆಯನ್ನು ತೆಗೆಯುವ ಆದೇಶವೇ ಗೋಪ್ಯವಾಗಿ ಉಳಿದಿತ್ತು. ಮಂತ್ರಿಗಳು ಒಪ್ಪಿದರು ಎಂಬುದು ಫಲಿತಾಂಶವಲ್ಲ. ಆದೇಶದ ಸಂಖ್ಯೆ, ದಿನಾಂಕ, ಅದು ಯಾವ ಕಚೇರಿಗೆ ತಲುಪಿದೆ ಎಂಬ ವಿವರ ಕೈಗೆ ಬಂದಾಗಲೇ ಭೇಟಿ ಮುಗಿದಂತೆ. ಭೇಟಿಯಾದ ಎರಡು ಮೂರು ದಿನಗಳೊಳಗೆ, ತಾವು ಇಂಥಿಂಥ ಅಂಶಗಳನ್ನು ಒಪ್ಪಿದ್ದಕ್ಕೆ ಕೃತಜ್ಞತೆಗಳು ಎಂಬ ಪತ್ರವನ್ನು ಕಳಿಸಿ ಸ್ವೀಕೃತಿ ಪಡೆಯುವ ಪದ್ಧತಿ ಇದಕ್ಕಾಗಿಯೇ ಹುಟ್ಟಿದ್ದು.

ಗೆದ್ದದ್ದು ಗೆದ್ದಂತೆಯೇ ಉಳಿಯುವುದೂ ಇಲ್ಲ. 2006ರಲ್ಲಿ ಕಡತದ ಟಿಪ್ಪಣಿಗಳನ್ನು ಕಾಯ್ದೆಯಿಂದ ಹೊರಗಿಡುವ ತಿದ್ದುಪಡಿಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ವಿರೋಧ ಬಂದ ಮೇಲೆ ಅದನ್ನು ಕೈಬಿಡಲಾಯಿತು. 2019ರ ತಿದ್ದುಪಡಿಯಲ್ಲಿ ಮಾಹಿತಿ ಆಯುಕ್ತರ ಅಧಿಕಾರಾವಧಿ ಮತ್ತು ವೇತನವನ್ನು ನಿರ್ಧರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಹೋಯಿತು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯಲ್ಲಿ 8(1)(ಜೆ) ಕಲಮನ್ನು ಬದಲಿಸುವ ಅಂಶ ಸೇರಿತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು ಮಾಡಿದ ರಾಜ್ಯ ಅದು. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳನ್ನು ಮೀರಬಾರದೆಂಬ ನಿಯಮವನ್ನು 2008ರಲ್ಲಿ ತಂದ ರಾಜ್ಯವೂ ಅದೇ.

ಹೊರನಾಡಿನ ಸಂದರ್ಭ

ಹೊರನಾಡ ಕನ್ನಡಿಗರ ಸಂಘಟನೆಗಳನ್ನು ಅಧ್ಯಯನ ಮಾಡುವವರಿಗೆ ಈ ಪ್ರಸಂಗ ಒಂದು ನೇರವಾದ ಪ್ರಶ್ನೆಯನ್ನು ಮುಂದಿಡುತ್ತದೆ. 2005ರ ಕಾಯ್ದೆಯ 6(1)ನೆಯ ಕಲಮಿನ ಪ್ರಕಾರ ಅರ್ಜಿಯನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು. ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಕನ್ನಡ ಹಳ್ಳಿಗಳಲ್ಲಾಗಲಿ ತಾಳವಾಡಿಯಲ್ಲಾಗಲಿ ಇರುವ ಕನ್ನಡಿಗನಿಗೆ ತನ್ನ ಊರಿನ ಪಂಚಾಯಿತಿಯ ಲೆಕ್ಕವನ್ನು ಕನ್ನಡದಲ್ಲಿ ಕೇಳುವ ಅವಕಾಶವನ್ನು ಈ ಕಲಮು ಕೊಡುವುದಿಲ್ಲ. ಕಾಸರಗೋಡಿನ ಸ್ಥಿತಿ ತುಸು ಭಿನ್ನ: ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶ ನೀಡಿದೆ. ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ನಿವಾರಣೆಗಾಗಿ ಸಲ್ಲಿಸುವ ಮನವಿಯನ್ನು, ಸಂದರ್ಭಾನುಸಾರ ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದೆನ್ನುತ್ತದೆ. ಆದರೆ ಮಾಹಿತಿಯ ಅರ್ಜಿಯನ್ನು ಕುಂದುಕೊರತೆಯ ಮನವಿಯೆಂದು ಕರೆಯಬಹುದೇ ಎಂಬುದು ವಾದಕ್ಕೆ ಆಸ್ಪದವಿರುವ ಸಂಗತಿ. ಕೂಲಿಕಾರರ ದನಿಯನ್ನು ಅಷ್ಟು ನಿಖರವಾಗಿ ಕಲಮುಗಳಿಗೆ ಇಳಿಸಿದ ಪಠ್ಯದಲ್ಲಿ ಭಾಷಾ ಅಲ್ಪಸಂಖ್ಯಾತರ ದನಿಯ ಕುರುಹು ಕಾಣುವುದಿಲ್ಲ.

ಇದನ್ನು ಬೇಡಿಕೆಯಾಗಿ ರೂಪಿಸುವುದಾದರೆ, ಕಾಯ್ದೆಗೇ ತಿದ್ದುಪಡಿ ಬೇಕೆಂದು ಕೇಳಿದರೆ ಅದು ಸಂಸತ್ತಿನ ಮಾತಾಗುತ್ತದೆ. ಆದರೆ ಭಾಷಾ ಅಲ್ಪಸಂಖ್ಯಾತರಿಗಾಗಿ ರಾಜ್ಯಗಳು ಒಪ್ಪಿಕೊಂಡಿರುವ ರಕ್ಷಣೆಗಳ ಯೋಜನೆಯಲ್ಲಿ, ಜಿಲ್ಲೆ ಅಥವಾ ತಾಲ್ಲೂಕಿನ ಜನಸಂಖ್ಯೆಯ ಶೇಕಡಾ 15ರಷ್ಟು ಅಥವಾ ಅದಕ್ಕೂ ಹೆಚ್ಚು ಜನ ಒಂದು ಭಾಷೆಯವರಿದ್ದರೆ ಮುಖ್ಯ ಪ್ರಕಟಣೆಗಳು ಆ ಭಾಷೆಯಲ್ಲಿಯೂ ಹೊರಡಬೇಕೆಂಬ ಅಂಶ ಈಗಾಗಲೇ ಇದೆ. ಅಂಥ ತಾಲ್ಲೂಕುಗಳ ಪಂಚಾಯಿತಿ ಕಚೇರಿಗಳಲ್ಲಿ ಕನ್ನಡದ ಅರ್ಜಿಯನ್ನು ಸ್ವೀಕರಿಸತಕ್ಕದ್ದೆಂದು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಲಿ ಎಂಬುದು ಇದಕ್ಕಿಂತ ಕಿರಿದಾದ, ಒಂದು ಇಲಾಖೆಯ ಮಟ್ಟದಲ್ಲೇ ತೀರ್ಮಾನವಾಗಬಹುದಾದ ಬೇಡಿಕೆ. ಅನುವಾದ ಮಾಡುವವರು ಯಾರು ಎಂಬ ಆಕ್ಷೇಪ ಮೊದಲು ಬರುತ್ತದೆ. ಆ ತಾಲ್ಲೂಕುಗಳ ಕನ್ನಡ ಶಾಲೆಗಳ ಶಿಕ್ಷಕರೂ ಸರ್ಕಾರದ ವ್ಯವಸ್ಥೆಯ ಒಳಗಿನವರೇ ಎಂಬುದು ಅದಕ್ಕೆ ಒಂದು ಉತ್ತರ. ಯಾವ ಯಾವ ತಾಲ್ಲೂಕು ಈ ಮಿತಿಯನ್ನು ದಾಟುತ್ತದೆ ಎಂಬ ಪಟ್ಟಿಯನ್ನು 2011ರ ಜನಗಣತಿಯ ಮಾತೃಭಾಷಾ ಕೋಷ್ಟಕಗಳಿಂದ ಸಿದ್ಧಪಡಿಸುವ ಕೆಲಸ ಸಂಶೋಧಕರದು; ನಿಯೋಗ ಹೊರಡುವುದು ಆಮೇಲೆ.